ದೂರದ ಗ್ರಹದ ಸುದ್ದಿಯೂ ಪ್ರಭುದೇವರ ಹೆಸರಿನ ಸಂದೇಶವೂ

2025ರ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿಗಳ ತಂಡವೊಂದು ಪ್ರಕಟಿಸಿದ ಸಂಶೋಧನೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಮುಖಪುಟದ ಸುದ್ದಿಯಾಯಿತು. ಭೂಮಿಯಿಂದ ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿ, ಸಿಂಹರಾಶಿಯ ದಿಕ್ಕಿನಲ್ಲಿರುವ ಕೆ2-18ಬಿ ಎಂಬ ಗ್ರಹದ ವಾಯುಮಂಡಲದಲ್ಲಿ ಜೀವಿಗಳಿಂದ ಹುಟ್ಟಬಹುದಾದ ಅನಿಲವೊಂದರ ಸುಳಿವು ದೊರೆತಿದೆ ಎಂಬುದು ಅದರ ಸಾರ. ತಂಡದ ಮುಖ್ಯಸ್ಥರು ಭಾರತದಲ್ಲಿ ಹುಟ್ಟಿ, ವಾರಾಣಸಿಯಲ್ಲಿ ತಂತ್ರಜ್ಞಾನ ಕಲಿತು, ಮುಂದೆ ವಿದೇಶಕ್ಕೆ ತೆರಳಿದ ನಿಕ್ಕು ಮಧುಸೂದನ್ ಅವರು. ಆದ್ದರಿಂದ ನಮ್ಮ ನಾಡಿನ ಪತ್ರಿಕೆಗಳಿಗೂ ಅದು ವಿಶೇಷ ಸುದ್ದಿಯೇ ಆಯಿತು.

ಸುದ್ದಿ ಬಂದ ಒಂದು ವಾರದೊಳಗೆ ನಮ್ಮ ಮೊಬೈಲಿಗೆ ಮತ್ತೊಂದು ಸಂದೇಶ ಬಂತು. ಅಲ್ಲಮಪ್ರಭುದೇವರ ಚಿತ್ರ, ಅದರ ಕೆಳಗೆ ವಚನದ ರೂಪದಲ್ಲಿ ಏಳೆಂಟು ಸಾಲು, ಕೊನೆಗೆ ಗುಹೇಶ್ವರನ ಅಂಕಿತ. ಬೇರೆ ಗ್ರಹಗಳಲ್ಲಿ ಜೀವಿಗಳಿರುವುದನ್ನು ಪ್ರಭುಗಳು ಎಂಟುನೂರು ವರ್ಷಗಳ ಹಿಂದೆಯೇ ಸ್ಪಷ್ಟವಾಗಿ ಹೇಳಿದ್ದರೆಂದೂ, ಪಾಶ್ಚಾತ್ಯರು ಈಗ ತಾನೇ ಅದನ್ನು ಕಂಡುಕೊಳ್ಳುತ್ತಿದ್ದಾರೆಂದೂ ಅದರ ಅಡಿಬರಹ. ಕಳುಹಿಸಿದವರು ಮಠದ ಹಳೆಯ ಭಕ್ತರು, ಸಜ್ಜನರು. ಅವರ ಸಂತೋಷದಲ್ಲಿ ಕಪಟವೇನೂ ಇರಲಿಲ್ಲ. ಆದರೆ ಆ ಸಾಲುಗಳನ್ನು ಓದಿದೊಡನೆ ನಮಗೆ ಕಸಿವಿಸಿಯಾಯಿತು. ಆ ಕಸಿವಿಸಿಯ ಕಾರಣವನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ವಿಜ್ಞಾನಿಗಳು ಕಂಡದ್ದೇನೆಂಬುದನ್ನು ತಿಳಿಯೋಣ. ಅವರು ಆ ಗ್ರಹವನ್ನು ಕಣ್ಣಾರೆ ಕಂಡವರಲ್ಲ. ಅದರ ಮೇಲಿನ ಕಡಲನ್ನಾಗಲಿ ಜೀವಿಯನ್ನಾಗಲಿ ಚಿತ್ರದಲ್ಲಿ ಹಿಡಿದವರೂ ಅಲ್ಲ. 2015ರಲ್ಲಿ ಪತ್ತೆಯಾದ ಆ ಗ್ರಹವು ನಮ್ಮ ಭೂಮಿಗಿಂತ ಸುಮಾರು ಎಂಟೂವರೆ ಪಟ್ಟು ಹೆಚ್ಚು ದ್ರವ್ಯರಾಶಿಯುಳ್ಳದ್ದು. ತನ್ನ ಕೆಂಪು ಕುಬ್ಜ ಸೂರ್ಯನನ್ನು 33 ದಿನಗಳಿಗೊಮ್ಮೆ ಸುತ್ತುತ್ತದೆ. ಹಾಗೆ ಸುತ್ತುವಾಗ ಅದು ನಮ್ಮ ದೃಷ್ಟಿಯ ನೇರಕ್ಕೆ ತನ್ನ ಸೂರ್ಯನ ಮುಂದೆ ಹಾದುಹೋಗುತ್ತದೆ. ಆ ಕೆಲವು ಗಂಟೆಗಳಲ್ಲಿ ಸೂರ್ಯನ ಬೆಳಕಿನ ಅತ್ಯಲ್ಪ ಪಾಲು ಗ್ರಹದ ಅಂಚಿನ ಗಾಳಿಯ ಪದರವನ್ನು ಸೋಸಿಕೊಂಡು ಇತ್ತ ಬರುತ್ತದೆ. ಪ್ರತಿಯೊಂದು ಅನಿಲವೂ ಬೆಳಕಿನ ರೋಹಿತದಲ್ಲಿ ತನಗೆ ಸಲ್ಲುವ ಭಾಗವನ್ನಷ್ಟೇ ಹೀರಿಕೊಳ್ಳುವುದರಿಂದ, ಯಾವ ಭಾಗ ಕಡಿಮೆಯಾಗಿದೆ ಎಂಬುದನ್ನು ಅಳೆದು ಅಲ್ಲಿ ಯಾವ ಅನಿಲವಿದೆ ಎಂದು ಊಹಿಸಬಹುದು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತಿರುವ ಜೇಮ್ಸ್ ವೆಬ್ ದೂರದರ್ಶಕ ಮಾಡಿದ್ದು ಈ ಕೆಲಸವನ್ನು. 2023ರಲ್ಲಿ ಅದು ಆ ಗ್ರಹದಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ತೋರಿಸಿತು. 2025ರಲ್ಲಿ ಸುದ್ದಿಯಾದದ್ದು ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಬಂಧುವಾದ ಮತ್ತೊಂದು ಗಂಧಕಯುಕ್ತ ಅನಿಲ. ಹೆಸರು ಕಠಿಣವಾದರೂ ವಸ್ತು ಅಪರಿಚಿತವಲ್ಲ: ಕಾರವಾರದ, ಮಲ್ಪೆಯ ದಂಡೆಯಲ್ಲಿ ನಿಂತವರ ಮೂಗಿಗೆ ತಟ್ಟುವ ಕಡಲವಾಸನೆಯಲ್ಲಿ ಅದರ ಪಾಲೂ ಇದೆ. ನಮ್ಮ ಭೂಮಿಯಲ್ಲಿ ಅದು ಹುಟ್ಟುವುದು ಮುಖ್ಯವಾಗಿ ಸಮುದ್ರದ ಕಣ್ಣಿಗೆ ಕಾಣದ ಸಸ್ಯ ಪ್ಲವಕಗಳಿಂದ.

ಹಾಗಾದರೆ ಜೀವ ಸಿಕ್ಕಿತೇ? ಸಿಕ್ಕಿತೆಂದು ಆ ತಂಡವೂ ಹೇಳಿಲ್ಲ. ತಾವು ಕಂಡ ಗುರುತು ಬರಿಯ ಆಕಸ್ಮಿಕದಿಂದ ಮೂಡಿರುವ ಸಾಧ್ಯತೆ ಶೇ. 0.3ರಷ್ಟಿದೆ, ಶೋಧವೆಂದು ಒಪ್ಪಿಕೊಳ್ಳಬೇಕಾದರೆ ಅದು ಶೇ. 0.00006ಕ್ಕಿಂತ ಕೆಳಗಿಳಿಯಬೇಕು, ಅದಕ್ಕೆ ದೂರದರ್ಶಕದ ಇನ್ನೂ 16ರಿಂದ 24 ಗಂಟೆಗಳ ವೀಕ್ಷಣೆ ಬೇಕಾಗಬಹುದು ಎಂದು ಅವರೇ ಬರೆದುಕೊಂಡರು. ಅನಂತರದ ತಿಂಗಳುಗಳಲ್ಲಿ ಬೇರೆ ತಂಡಗಳು ಅದೇ ದತ್ತಾಂಶವನ್ನು ಬೇರೆ ರೀತಿಗಳಲ್ಲಿ ಪರಿಶೀಲಿಸಿ, ಈ ಅನಿಲ ಅಲ್ಲಿದೆ ಎನ್ನುವಷ್ಟು ಬಲವಾದ ಆಧಾರ ಕಾಣುತ್ತಿಲ್ಲವೆಂದವು. ಜೀವಿಗಳೇ ಇಲ್ಲದ ಧೂಮಕೇತುವೊಂದರಲ್ಲಿಯೂ ಇದೇ ಅನಿಲ ದೊರೆತಿರುವುದನ್ನು ಕೆಲವರು ನೆನಪಿಸಿದರು. ಆ ಗ್ರಹದಲ್ಲಿ ಕಡಲಿದೆಯೋ, ಕರಗಿದ ಶಿಲೆಯಿದೆಯೋ ಎಂಬುದರಲ್ಲಿಯೂ ಒಮ್ಮತವಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಜೆಜೆರೊ ಕುಳಿಯ ಬಂಡೆಯೊಂದರಲ್ಲಿ ಪರ್ಸಿವಿಯರೆನ್ಸ್ ಯಂತ್ರವು ಕಂಡ ಚುಕ್ಕೆಗಳ ವಿಷಯದಲ್ಲಿಯೂ ನಾಸಾ ಬಳಸಿದ ಪದ 'ಸಂಭಾವ್ಯ' ಎಂಬುದೇ ಆಗಿತ್ತು.

ಈ ಹಿಂಜರಿಕೆಯನ್ನು ನಾವು ಗೌರವದಿಂದ ನೋಡುತ್ತೇವೆ. ಜೀವನವಿಡೀ ಹುಡುಕಿದ ವಸ್ತು ಕೈಗೆಟಕುವಂತಿದ್ದಾಗ 'ಇನ್ನೂ ಇಲ್ಲ' ಎನ್ನುವುದು ಸುಲಭದ ಮಾತಲ್ಲ.

ಇಲ್ಲಿ ಒಂದು ಲೆಕ್ಕ ನಮ್ಮ ಮನಸ್ಸಿಗೆ ಬಂತು. 124 ಜ್ಯೋತಿರ್ವರ್ಷವೆಂದರೆ 2025ರ ಆಸುಪಾಸಿನಲ್ಲಿ ದೂರದರ್ಶಕವನ್ನು ತಲುಪಿದ ಬೆಳಕು ಆ ಗ್ರಹವನ್ನು ಬಿಟ್ಟದ್ದು ಸುಮಾರು 1901ರಲ್ಲಿ. ಆಗ ಬಹುಪಾಲು ವಚನಗಳು ತಾಳೆಗರಿಯ ಕಟ್ಟುಗಳಲ್ಲಿ, ಮನೆಗಳ ಪೂಜಾಗೃಹದ ಮೂಲೆಗಳಲ್ಲಿ, ಮಠಗಳ ಅಟ್ಟಗಳ ಮೇಲೆ ಧೂಳು ತಿನ್ನುತ್ತಿದ್ದವು. ಫ. ಗು. ಹಳಕಟ್ಟಿಯವರು ಆಗಿನ್ನೂ ಇಪ್ಪತ್ತರ ಹರೆಯದ ತರುಣರು. ಮುಂದೆ ಅವರು ವಕೀಲರಾಗಿ, ಊರೂರು ಅಲೆದು ಆ ಕಟ್ಟುಗಳನ್ನು ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಇಂದು ನಾವು ಮೊಬೈಲಿನಲ್ಲಿ ಒಂದು ವಚನವನ್ನು ನಿರಾಯಾಸವಾಗಿ ಓದುತ್ತೇವೆಂದರೆ ಅದರ ಹಿಂದೆ ಮೂರು ತಲೆಮಾರಿನ ವಿದ್ವಾಂಸರ ಕಣ್ಣುಬೆಳಕು ಕರಗಿಹೋಗಿದೆ. ಒಂದು ಪ್ರತಿಯಲ್ಲಿರುವ ಸಾಲು ಮತ್ತೊಂದರಲ್ಲಿ ಇರುವುದಿಲ್ಲ. ಒಬ್ಬ ಶರಣರ ವಚನಕ್ಕೆ ಮತ್ತೊಬ್ಬರ ಅಂಕಿತ ಬಿದ್ದಿರುತ್ತದೆ. ಗರಿ ಬರೆದವನ ಕೈತಪ್ಪಿನಿಂದ ಒಂದಕ್ಷರ ಪಲ್ಲಟವಾಗಿ ಅರ್ಥವೇ ತಿರುಗಿರುತ್ತದೆ. ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಇದು ಪ್ರಭುದೇವರದು, ಇದು ಅನಂತರ ಸೇರಿಸಿದ್ದು, ಇದನ್ನು ನಿಶ್ಚಯವಾಗಿ ಹೇಳಲಾಗದು ಎಂದು ವಿಂಗಡಿಸಿದ ಆ ಹಿರಿಯರ ಕಾಯಕಕ್ಕೂ, ರೋಹಿತದ ಅಳತೆಯನ್ನು ಮತ್ತೆ ಮತ್ತೆ ಒರೆಗೆ ಹಚ್ಚುವ ಖಗೋಳಜ್ಞರ ಕಾಯಕಕ್ಕೂ ನಮಗೆ ಹೆಚ್ಚಿನ ಅಂತರ ಕಾಣಲಿಲ್ಲ.

ಅಂತರ ಕಂಡದ್ದು ಆ ಸಂದೇಶದಲ್ಲಿ. ಕರ್ನಾಟಕ ಸರ್ಕಾರ ಪ್ರಕಟಿಸಿರುವ ಸಮಗ್ರ ವಚನ ಸಂಪುಟಗಳು 15. ಅಲ್ಲಮಪ್ರಭುದೇವರ ವಚನಗಳ ಸಂಪುಟವನ್ನು ನಾವು ಎರಡು ಸಂಜೆ ಕುಳಿತು ಹುಡುಕಿದೆವು. ಸಂದೇಶದ ಸಾಲುಗಳು ಅಲ್ಲಿಲ್ಲ. ಭಾಷೆಯೂ ಹನ್ನೆರಡನೆಯ ಶತಮಾನದ್ದಲ್ಲ. 'ಗ್ರಹ' ಎಂಬ ಪದವನ್ನು ಅದು ಬಳಸಿರುವ ಅರ್ಥ ಇಂದಿನ ಶಾಲಾಪುಸ್ತಕದ್ದು. ಯಾರೋ ಇತ್ತೀಚೆಗೆ ಹೆಣೆದು ಪ್ರಭುಗಳ ಹೆಸರಿಟ್ಟಿದ್ದಾರೆ. ಹೀಗೆ ಮಾಡಿದವರು ಶರಣರನ್ನು ಎತ್ತರಿಸುತ್ತಿದ್ದೇವೆಂದೇ ಭಾವಿಸಿರಬೇಕು. ಆದರೆ ಅಂಕಿತವೆಂಬುದು ಶರಣರ ಸಾಕ್ಷಿ. ತಾನು ಅನುಭಾವದಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ, ಅದಕ್ಕೆ ನನ್ನ ಇಷ್ಟದೈವವೇ ಸಾಕ್ಷಿ ಎಂಬ ಪ್ರತಿಜ್ಞೆಯದು. ಕಾಣದುದನ್ನು ಕಂಡೆನೆಂದು ಅದರ ಕೆಳಗೆ ಬರೆಯುವುದು ಸುಳ್ಳುಸಾಕ್ಷಿಗೆ ಮತ್ತೊಬ್ಬರ ಸಹಿ ಹಾಕಿದಂತೆ.

ಇದರ ಹಿಂದೆ ಒಂದು ಕೀಳರಿಮೆಯೂ ಇದೆಯೆಂದು ನಮಗೆ ತೋರುತ್ತದೆ. ದೂರದರ್ಶಕ ಒಪ್ಪಿದರೆ ಮಾತ್ರ ಶರಣರ ಮಾತಿಗೆ ಬೆಲೆ ಎಂಬಂತೆ ನಾವೇಕೆ ನಡೆದುಕೊಳ್ಳಬೇಕು? ನಾಳೆ ಆ ಅನಿಲ ಅಲ್ಲಿಲ್ಲವೆಂದು ಸಿದ್ಧವಾದರೆ ಪ್ರಭುದೇವರು ಸುಳ್ಳಾಗುವರೇ? ವಿಜ್ಞಾನದ ಮಾತು ತಿದ್ದಿಕೊಳ್ಳುತ್ತ ಸಾಗುವಂಥದು; ಅದು ಅದರ ದೋಷವಲ್ಲ, ಧರ್ಮ. ಅದಕ್ಕೆ ವಚನವನ್ನು ಕಟ್ಟಿಹಾಕಿದರೆ ಪ್ರತಿ ತಿದ್ದುಪಡಿಗೂ ವಚನವನ್ನು ಎಳೆದಾಡಬೇಕಾಗುತ್ತದೆ. ಇನ್ನು ಕೆಲವರು ಪುರಾಣದ ಹದಿನಾಲ್ಕು ಲೋಕಗಳನ್ನು ತಂದು ಈಗ ಪತ್ತೆಯಾಗಿರುವ ಗ್ರಹಗಳಿಗೆ ಹೊಂದಿಸುತ್ತಾರೆ. ಸೌರಮಂಡಲದ ಆಚೆ ಖಚಿತವಾಗಿರುವ ಗ್ರಹಗಳ ಸಂಖ್ಯೆ 2025ರ ಸೆಪ್ಟೆಂಬರಿನಲ್ಲಿ 6,000ವನ್ನು ಮುಟ್ಟಿತು. ಹದಿನಾಲ್ಕು ಎಲ್ಲಿಗೆ ಸಾಕು? ಅದಿರಲಿ, ಮೇಲಿನ ಲೋಕಗಳ ಆಸೆಯನ್ನೇ ಬಸವಾದಿ ಶರಣರು ಬಿಡಿಸಿದವರಲ್ಲವೇ? ಸ್ವರ್ಗ ನರಕಗಳನ್ನು ಆಕಾಶದಿಂದ ಇಳಿಸಿ ಮನುಷ್ಯನ ನಡೆನುಡಿಯಲ್ಲಿ ಇಟ್ಟವರು ಅವರು. ಅವರು ಖಾಲಿ ಮಾಡಿದ ಆಕಾಶದಲ್ಲಿ ನಾವು ಮತ್ತೆ ಲೋಕಗಳನ್ನು ನೇತುಹಾಕುವುದು ವಿಚಿತ್ರವೇ ಸರಿ.

ಇತರ ಧರ್ಮಗಳಲ್ಲಿ ಈ ಪ್ರಶ್ನೆ ಹೇಗೆ ನಡೆದಿದೆ ಎಂಬುದನ್ನು ನೋಡಿದರೆ ನಮ್ಮ ಸ್ಥಿತಿ ಇನ್ನಷ್ಟು ತಿಳಿಯುತ್ತದೆ. 1600ರ ಫೆಬ್ರವರಿಯಲ್ಲಿ ರೋಮ್ ನಗರದಲ್ಲಿ ಜೋರ್ಡಾನೊ ಬ್ರೂನೊ ಎಂಬ ಚಿಂತಕನನ್ನು ಜೀವಂತ ಸುಟ್ಟರು. ಅವನ ಮೇಲಿದ್ದ ಅನೇಕ ಆರೋಪಗಳಲ್ಲಿ ಅಸಂಖ್ಯ ಲೋಕಗಳಿವೆ ಎಂಬ ವಾದವೂ ಒಂದು. ಅದೇ ರೋಮಿನ ಪೋಪರ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಪಾದ್ರಿ ಹೊಸೆ ಗೇಬ್ರಿಯಲ್ ಫ್ಯೂನೆಸ್ ಅವರು 2008ರಲ್ಲಿ ವ್ಯಾಟಿಕನ್ನಿನ ಪತ್ರಿಕೆಗೇ ಸಂದರ್ಶನವಿತ್ತು, ಅನ್ಯಗ್ರಹದ ಜೀವಿಯನ್ನು ಸೋದರನೆಂದು ಕರೆಯಲು ಅಡ್ಡಿಯಿಲ್ಲವೆಂದರು. ಅವರ ಉತ್ತರಾಧಿಕಾರಿಯಾದ ಗೈ ಕಾನ್ಸೊಲ್ಮಾಗ್ನೊ ಅವರು, ಅಂಥ ಜೀವಿಗೆ ಜ್ಞಾನಸ್ನಾನ ಕೊಡುವಿರಾ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ 2014ರಲ್ಲಿ ಪಾದ್ರಿಯೊಬ್ಬರೊಡನೆ ಪುಸ್ತಕ ಬರೆದರು. ಆ ಜೀವಿ ತಾನಾಗಿ ಕೇಳಿದರೆ ಮಾತ್ರ ಎಂಬುದು ಅವರ ಉತ್ತರ. ಕ್ರೈಸ್ತರಿಗೆ ಈ ಪ್ರಶ್ನೆ ಕಠಿಣವಾದದ್ದು. ದೇವಪುತ್ರನು ಈ ಭೂಮಿಯಲ್ಲಿ ಒಮ್ಮೆ ಅವತರಿಸಿ ಮನುಷ್ಯರ ಪಾಪಕ್ಕಾಗಿ ಪ್ರಾಣ ಕೊಟ್ಟನೆಂಬುದು ಅವರ ನಂಬಿಕೆಯ ಬುನಾದಿ. ಬೇರೆ ಲೋಕದವರ ಪಾಡೇನು ಎಂಬುದಕ್ಕೆ ಅವರು ತಮ್ಮೊಳಗೇ ಉತ್ತರ ಹುಡುಕಿಕೊಳ್ಳಬೇಕು. ಹುಡುಕುತ್ತಿದ್ದಾರೆ, ಪ್ರಾಮಾಣಿಕವಾಗಿಯೇ. ಅಮೆರಿಕದ ದೇವಶಾಸ್ತ್ರಜ್ಞ ಟೆಡ್ ಪೀಟರ್ಸ್ ಅವರು 2008ರಲ್ಲಿ ಬೇರೆ ಬೇರೆ ಧರ್ಮಗಳ ಸುಮಾರು 1,300 ಜನರನ್ನು ಈ ವಿಷಯವಾಗಿ ಪ್ರಶ್ನಿಸಿದಾಗ ಒಂದು ಸ್ವಾರಸ್ಯ ಹೊರಬಿತ್ತು. ತಮ್ಮ ನಂಬಿಕೆಗೆ ಯಾವ ಧಕ್ಕೆಯೂ ಆಗದೆಂದು ಹೆಚ್ಚಿನವರು ಹೇಳಿದರು. ಆದರೆ ಬೇರೆ ಧರ್ಮದವರಿಗೆ ಕಷ್ಟವಾದೀತೆಂದು ಶಂಕಿಸಿದವರೂ ಇದ್ದರು!

ನಾವು ಸಹ ಅದೇ ಹಮ್ಮಿನಲ್ಲಿ ಇರಬಹುದು. ಸೃಷ್ಟಿಯಾದ ದಿನಾಂಕವೆಂಬುದು ನಮಗಿಲ್ಲ, ಆಯ್ದ ಜನಾಂಗವೆಂಬುದಿಲ್ಲ, ಅವತಾರಗಳಿಗೆ ಶರಣರು ಮನ್ನಣೆ ಕೊಟ್ಟಿಲ್ಲ. ಬಯಲಿನಿಂದ ಬಂದು ಬಯಲಿಗೆ ಸಲ್ಲುವ ಈ ವಿಶ್ವದ ಕುರುಹನ್ನು ಅಂಗೈಯಲ್ಲಿ ಹಿಡಿದವರು ನಾವು. ವಿಶ್ವವು ಎಷ್ಟು ದೊಡ್ಡದಾದರೂ, ಅದರಲ್ಲಿ ಯಾರಿದ್ದರೂ ನಮಗೇನು ತೊಡಕು ಎಂದು ಹೇಳಿ ಮುಗಿಸಬಹುದು. ನಾವು ಹಾಗೆ ಹೇಳಿ ಮುಗಿಸಲೂ ಇದ್ದೆವು. ಆದರೆ ಕಳೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತರುಣಿಯೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ನಮ್ಮನ್ನು ತಡೆಯಿತು. "ಅಪ್ಪಾಜಿ, ಎಂಬತ್ತನಾಲ್ಕು ಲಕ್ಷ ಜೀವರಾಶಿಗಳಲ್ಲಿ ಮಾನವಜನ್ಮವೇ ಶ್ರೇಷ್ಠವೆಂದು ತಾವು ಪ್ರತಿ ಪ್ರವಚನದಲ್ಲಿಯೂ ಹೇಳುತ್ತೀರಿ. ನಮಗಿಂತ ಬುದ್ಧಿವಂತರು ಎಲ್ಲಿಯಾದರೂ ಇದ್ದರೆ ಆ ಮಾತನ್ನು ಏನು ಮಾಡುವುದು?"

ಸಭೆಯಲ್ಲಿ ನಗೆ ಎದ್ದಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಷಟ್‌ಸ್ಥಲದ ಸಾಧನೆ ಅಂಗವುಳ್ಳವನಿಗೆ. ಕರಸ್ಥಲವೆಂದರೆ ಕೈ ಬೇಕು, ದೃಷ್ಟಿಯೋಗವೆಂದರೆ ಕಣ್ಣು ಬೇಕು, ಕಾಯಕಕ್ಕೆ ದುಡಿಯುವ ಮೈ ಬೇಕು. ನಮ್ಮ ಸಾಧನಾಪಥವೆಲ್ಲವೂ ಮಾನವದೇಹದ ಅಳತೆಗೆ ಹೊಲಿದ ಅಂಗಿಯಂತಿದೆ. ಅದರಿಂದ ಮಾನವನೇ ವಿಶ್ವದ ಶಿಖರವೆಂಬ ಭಾವ ನಮಗೆ ತಿಳಿಯದಂತೆಯೇ ಬೆಳೆದಿದೆ. ಆದರೆ ಶರಣರ ಮೂಲವಾದವೇನು? ಹುಟ್ಟಿನಿಂದ ಯಾರೂ ಹಿರಿಯರಲ್ಲ, ಕಿರಿಯರಲ್ಲ. ಇಂಥ ಮನೆಯಲ್ಲಿ ಹುಟ್ಟಿದ್ದರಿಂದ ಶ್ರೇಷ್ಠನೆಂಬುದನ್ನು ಅವರು ಒಪ್ಪಲಿಲ್ಲ. ಹಾಗಿರುವಾಗ, ಇಂಥ ಯೋನಿಯಲ್ಲಿ ಹುಟ್ಟಿದ್ದರಿಂದಲೇ ಶ್ರೇಷ್ಠನೆಂಬ ಮಾತನ್ನು ನಾವು ವ್ಯಾಸಪೀಠದಿಂದ ಇಷ್ಟು ಸಲೀಸಾಗಿ ಹೇಗೆ ಹೇಳುತ್ತ ಬಂದೆವು? ಮಾನವಜನ್ಮ ದೊಡ್ಡದಾದದ್ದು ಅರಿವಿಗೆ ಅಲ್ಲಿ ಎಡೆಯಿದೆ, ಆಚಾರವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವಿದೆ ಎಂಬುದರಿಂದ. ಆ ಎಡೆ ಮತ್ತೊಂದು ಜೀವಿಗೂ ಇದ್ದರೆ ನಮ್ಮ ಹಿರಿಮೆ ಹಂಚಿಹೋಗುತ್ತದೆ, ಕುಂದುವುದಿಲ್ಲ. ಈ ವಿಷಯದಲ್ಲಿ ನಮ್ಮ ಹಿರಿಯ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು. ಜೀವರಾಶಿಗಳ ಶ್ರೇಣಿಯನ್ನು ಅಕ್ಷರಶಃ ನಂಬುವವರೂ ಇದ್ದಾರೆ. ನಾವಂತೂ ಆ ತರುಣಿಗೆ, ಇನ್ನು ಮುಂದೆ ಆ ವಾಕ್ಯವನ್ನು ಹಾಗೆ ಹೇಳುವುದಿಲ್ಲವೆಂದು ಸಭೆಯಲ್ಲಿಯೇ ಒಪ್ಪಿಕೊಂಡೆವು.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಿಡಲಿಲ್ಲ: "ಹಾಗಾದರೆ ಆ ಗ್ರಹದವನು ಬಂದು ಕೇಳಿದರೆ ಲಿಂಗದೀಕ್ಷೆ ಕೊಡುವಿರಾ ಬುದ್ಧೀ?" ಕಾಶ್ಮೀರದಲ್ಲಿ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನಾದನೆಂದು ನಮ್ಮ ಪರಂಪರೆ ಹೇಳುತ್ತದೆ. ಯಾವ ನಾಡಿನವನು, ಯಾವ ಕುಲದವನು ಎಂದು ಕೇಳದೆ ಅವನನ್ನು ಒಳಗೆ ಕರೆದುಕೊಂಡವರ ಹೆಸರಿನಲ್ಲಿ ನಡೆಯುವ ಮಠ ಬೇರೆ ಉತ್ತರವನ್ನು ಕೊಡಲಾರದು ಎಂದೆವು. ಹಿರಿಯರು ತೃಪ್ತರಾದರು. ಆದರೆ ಅವರೇ ಹಿಂದಿನ ತಿಂಗಳು ಮಗನಿಗೆ ಹೆಣ್ಣು ಹುಡುಕುವ ಪ್ರಕಟಣೆಯಲ್ಲಿ ಒಳಪಂಗಡವನ್ನು ದಪ್ಪಕ್ಷರದಲ್ಲಿ ಬರೆಸಿದ್ದು ನಮಗೆ ನೆನಪಿತ್ತು. ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣ ಹೊತ್ತಿ ಉರಿದ ಕಥೆಯನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. ಸಭೆಯಲ್ಲಿ ಅದನ್ನು ಎತ್ತಲಿಲ್ಲ.

ನಿಜ ಹೇಳಬೇಕೆಂದರೆ ದೀಕ್ಷೆ ಕೇಳುವ ಜೀವಿಯ ಮಾತು ಬಹು ದೂರದ್ದು. ಆ ಗ್ರಹದಲ್ಲಿ ಏನಾದರೂ ಇದ್ದರೆ ಅದು ನೀರಿನ ಪಾಚಿಯಂಥ ಸೂಕ್ಷ್ಮಜೀವಿಯೇ ಇರಬೇಕು. ನಮ್ಮ ಭೂಮಿಯ ಇತಿಹಾಸದ ಬಹುಪಾಲು ಕಾಲವೂ ಇಲ್ಲಿದ್ದದ್ದು ಅಂಥ ಜೀವಿಗಳೇ.

ಅನ್ಯಗ್ರಹದ ಸುದ್ದಿ ಆಸೆಯನ್ನು ಮಾತ್ರವಲ್ಲ, ಭಯವನ್ನೂ ತರುತ್ತದೆ. 2025ರ ಜುಲೈ 1ರಂದು ಚಿಲಿ ದೇಶದ ದೂರದರ್ಶಕವೊಂದು 3ಐ/ಅಟ್ಲಾಸ್ ಎಂಬ ಧೂಮಕೇತುವನ್ನು ಪತ್ತೆ ಮಾಡಿತು. ಬೇರೆ ನಕ್ಷತ್ರಮಂಡಲದಿಂದ ನಮ್ಮ ಸೌರಮಂಡಲಕ್ಕೆ ಬಂದು ಹೋದ, ಮನುಷ್ಯನ ಅರಿವಿಗೆ ಬಂದ ಮೂರನೆಯ ಅತಿಥಿ ಅದು. ಅದು ಬೇರೆ ಬುದ್ಧಿಜೀವಿಗಳ ನೌಕೆಯಿರಬಹುದೆಂದು ಅಮೆರಿಕದ ಪ್ರಾಧ್ಯಾಪಕರೊಬ್ಬರು ಊಹಿಸಿದ್ದೇ ತಡ, ನಮ್ಮ ಭಕ್ತರ ಮನೆಗಳಿಗೂ ಪ್ರಳಯದ ಸಂದೇಶಗಳು ಬಂದವು. ಯಾವ ರಾಶಿಯವರಿಗೆ ಕೇಡು, ಯಾವ ಶಾಂತಿ ಮಾಡಿಸಬೇಕು, ಅದಕ್ಕೆಷ್ಟು ಕಾಣಿಕೆ ಎಂಬ ವಿವರಗಳೂ ಹಿಂದೆಯೇ ಬಂದವು. ಡಿಸೆಂಬರ್ 19ರಂದು ಅದು ಭೂಮಿಗೆ ಅತಿ ಸಮೀಪಕ್ಕೆ ಬಂತು. ಆ ಸಮೀಪವೆಂದರೆ ಸುಮಾರು 27 ಕೋಟಿ ಕಿಲೋಮೀಟರ್, ಸೂರ್ಯನಿಗೂ ನಮಗೂ ಇರುವ ದೂರದ ಹೆಚ್ಚುಕಡಿಮೆ ಎರಡರಷ್ಟು. ಬಂದ ದಾರಿಯಲ್ಲಿ ಅದು ಹೊರಟುಹೋಯಿತು. ಆ ಶಾಂತಿಗಾಗಿ ಸಾಲ ಮಾಡಿದ ಒಂದು ಕುಟುಂಬವನ್ನು ನಾವು ಬಲ್ಲೆವು. ತಿಥಿ, ವಾರ, ನಕ್ಷತ್ರಗಳ ಹೆದರಿಕೆಯಿಂದ ಜನರನ್ನು ಬಿಡಿಸಲು ಶರಣರು ಪಟ್ಟ ಪಾಡನ್ನು ಬಲ್ಲ ಸಮುದಾಯದಲ್ಲಿಯೇ ಇದು ನಡೆದದ್ದು ನಮಗೆ ನೋವಿನ ಸಂಗತಿ. ಅಂಥ ಸಂದೇಶ ಬಂದವರು ಹಣ ಕೊಡುವ ಮುನ್ನ ಮಠದ ಕಚೇರಿಗೆ ಒಂದು ಕರೆ ಮಾಡಿರೆಂದು ಬೇಡುತ್ತೇವೆ.

ಪ್ರಭುದೇವರ ಹೆಸರಿನ ಆ ಸಂದೇಶದ ವಿಷಯಕ್ಕೆ ಮರಳುವುದಾದರೆ, ಕಳುಹಿಸಿದ ಭಕ್ತರಿಗೆ ನಾವು ಫೋನ್ ಮಾಡಿ, ಇದು ಸಂಪುಟದಲ್ಲಿಲ್ಲ, ಎಲ್ಲಿಂದ ಬಂತೆಂದು ಕೇಳಿದೆವು. ಅವರಿಗೂ ತಿಳಿದಿರಲಿಲ್ಲ, ಬೀಗರ ಊರಿನ ಗುಂಪಿನಿಂದ ಬಂದದ್ದಂತೆ. ಅವರು ಸಂಕೋಚಪಟ್ಟು ಅಂದೇ ತಮ್ಮ ಗುಂಪಿನಲ್ಲಿ ತಪ್ಪೊಪ್ಪಿಕೊಂಡು ಬರೆದರು, ಸಂಪುಟದಲ್ಲಿರುವ ಪ್ರಭುಗಳ ಒಂದು ವಚನವನ್ನು ಅದರ ಸಂಖ್ಯೆಯೊಡನೆ ಹಾಕಿದರು. ಅಷ್ಟು ಹೊತ್ತಿಗೆ ಆ ಕಲ್ಪಿತ ವಚನ ಬೇರೆ ಮೂರು ಗುಂಪುಗಳಿಂದ ನಮಗೆ ಮತ್ತೆ ಬಂದಾಗಿತ್ತು. ಒಂದರಲ್ಲಿ ಪ್ರಭುದೇವರ ಚಿತ್ರದ ಬದಲು ಚನ್ನಬಸವಣ್ಣನವರ ಚಿತ್ರವಿತ್ತು, ಅಂಕಿತ ಮಾತ್ರ ಗುಹೇಶ್ವರನದೇ.